ಒಂಬತ್ತನೇ ಕ್ಲಾಸಿನ ಮಕ್ಕಳು ಶಾಲೆಗೆ ಸ್ವಂತ ಮೊಬೈಲ್ ತರಬಹುದಾ? ಸ್ಟಾಫ್ ರೂಮಿನಲ್ಲಿ ತೀರ್ಮಾನ ಆಗದ ಜಗಳ

ಕಪ್ಪುಹಲಗೆ
ಎಲ್ಲರಿಗೂ ನಮಸ್ಕಾರ. ನಾನು ಹಾಸನ ಕಡೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನ ಮೇಷ್ಟ್ರು. ಒಂಬತ್ತನೇ ಕ್ಲಾಸಿಗೆ ‘ಶಬ್ದ’ ಪಾಠ ಇದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಅಂತ ಹದಿನೈದು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಾ ಬಂದಿದ್ದೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ.

ಹೋದ ವಾರ ನನ್ನ ಫೋನು, ಪಿಇಟಿ ಮೇಷ್ಟ್ರ ಫೋನು ಎರಡನ್ನೂ ಕಾರಿಡಾರಿನಲ್ಲಿ 5 ಮೀಟರ್ ದೂರದಲ್ಲಿ ಇಟ್ಟೆ. ಫೈಫಾಕ್ಸ್ ಅಂತ ಒಂದು ಆ್ಯಪ್ ಇದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಪುಕ್ಕಟೆ, ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಅದರಲ್ಲಿ ಚಪ್ಪಾಳೆಗೆ ಶುರುವಾಗಿ ಇನ್ನೊಂದು ಚಪ್ಪಾಳೆಗೆ ನಿಲ್ಲುವ ಸ್ಟಾಪ್‌ವಾಚ್ ಇದೆ. ಈ ತುದಿಯ ಫೋನಿನ ಪಕ್ಕ ಒಬ್ಬ ಹುಡುಗ ಚಪ್ಪಾಳೆ ಹೊಡೆದ. ಎರಡೂ ಫೋನು ಶುರುವಾದವು. ಆ ತುದಿಯಲ್ಲಿದ್ದ ಹುಡುಗಿ ಹೊಡೆದಳು, ಎರಡೂ ನಿಂತವು. ಎರಡರ ಸಮಯಕ್ಕೂ 0.029 ಸೆಕೆಂಡ್ ವ್ಯತ್ಯಾಸ. ಸದ್ದು ಹೋಗಿದ್ದು 5, ಬಂದಿದ್ದು 5, ಒಟ್ಟು 10 ಮೀಟರ್. ಭಾಗಿಸಿದರೆ 345 ಹತ್ತಿರ ಬಂತು. ಯಾವತ್ತೂ ಬಾಯಿ ಬಿಡದ ಹಿಂದಿನ ಬೆಂಚಿನ ಹುಡುಗ ಕೇಳಿದ, ‘ಸಾರ್, ಇದು ಬುಕ್ಕಲ್ಲಿ ಇರೋದೇ ಅಲ್ವಾ? ನಾವೇ ತೆಗೆದ್ವಾ?’

ಕ್ಲಾಸಿನಲ್ಲಿ ಇರೋದು 43 ಮಕ್ಕಳು, ಫೋನು ಎರಡು. ಇಬ್ಬರು ಚಪ್ಪಾಳೆ ಹೊಡೆದರು, 41 ಜನ ನೋಡಿದರು. ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರ್ ಕೆಟ್ಟು ಎರಡು ವರ್ಷ ಆಯ್ತು. ಮನೆಯಲ್ಲಿ ಫೋನ್ ಇರುವ ಮಕ್ಕಳು ಶನಿವಾರ ಒಂದು ದಿನ ತರಲಿ ಅಂತ ಎಚ್‌ಎಂ ಹತ್ತಿರ ಕೇಳಿದೆ. ‘ನಿಮಗೆ ತಲೆ ಕೆಟ್ಟಿದೆಯಾ?’ ಅಂದರು. ಸ್ಟಾಫಿನಲ್ಲಿ ಅರ್ಧ ಜನ ಅವರ ಕಡೆ, ಅರ್ಧ ಜನ ಟೀ ಕಡೆ. ನೀವು ಏನಂತೀರಿ?

ಗಾಂಧಿಬಜಾರ್_ರಾಯರು
ಎಚ್‌ಎಂ ಹೇಳಿದ್ದೇ ಸರಿ. ಮುಗೀತು.

ಚಾ_ಅಂಗಡಿ_ಅಮ್ಮ
ಸರ್, ನನ್ನ ಮಗಳು ಒಂಬತ್ತನೇ ಕ್ಲಾಸು. ಮನೆಯಲ್ಲಿ ಇರೋದು ಒಂದೇ ಫೋನು, ಅದು ಅಂಗಡಿಯಲ್ಲಿ ಇರುತ್ತದೆ. ಗಿರಾಕಿ ಫೋನ್‌ಪೇ ಮಾಡಿದರೆ ದುಡ್ಡು ಬಂತೋ ಇಲ್ಲವೋ ನೋಡೋದು ಅದರಲ್ಲೇ. ಸದ್ದು ಮಾಡುವ ಡಬ್ಬಿ ನಮ್ಮ ಹತ್ತಿರ ಇಲ್ಲ. ಒಂದು ಶನಿವಾರ ಅವಳು ಪ್ರಾಜೆಕ್ಟ್ ಅಂತ ಫ್ರೆಂಡ್ ಮನೆಗೆ ತಗೊಂಡು ಹೋದಳು. ಅವತ್ತು ಮೂರು ಜನ ‘ಆಯ್ತು ಅಕ್ಕ, ಕಳಿಸಿದ್ದೀನಿ’ ಅಂತ ಹೋದರು. ಸಂಜೆ ನೋಡಿದರೆ ಒಬ್ಬರದ್ದು ಮಾತ್ರ ಬಂದಿತ್ತು.

ನೀವು ‘ಇರುವವರು ತನ್ನಿ’ ಅಂತೀರಿ. ಮಗಳು ಮನೆಗೆ ಬಂದು ‘ಅಮ್ಮ, ಎಲ್ಲರೂ ತರ್ತಾರೆ’ ಅಂತಾಳೆ. ಅಲ್ಲಿಂದ ಶುರು.

ಲೆಕ್ಕದ_ಪಕ್ಕಾ
ಅಮ್ಮ ಹೇಳಿದ ಮಾತಿಗೆ ಅಂಕಿ ಕೊಡುತ್ತೇನೆ. 2024ರ ಅಸರ್ ವರದಿ, ಅಂದರೆ ಹಳ್ಳಿ ಮಕ್ಕಳ ಓದಿನ ಬಗ್ಗೆ ಮನೆ ಮನೆಗೆ ಹೋಗಿ ಮಾಡುವ ಸಮೀಕ್ಷೆ. 14ರಿಂದ 16 ವರ್ಷದ ಮಕ್ಕಳಲ್ಲಿ ಹೆಚ್ಚುಕಡಿಮೆ 90 ಪರ್ಸೆಂಟ್ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. 82 ಪರ್ಸೆಂಟ್ ಮಕ್ಕಳಿಗೆ ಬಳಸಲು ಬರುತ್ತದೆ. ಆದರೆ ಬಳಸಲು ಬರುವ 14 ವರ್ಷದವರಲ್ಲಿ ಸ್ವಂತ ಫೋನ್ ಇರೋದು 27 ಪರ್ಸೆಂಟ್ ಮಕ್ಕಳಿಗೆ ಮಾತ್ರ. ಅದರಲ್ಲೂ ಹುಡುಗಿಯರ ಹತ್ತಿರ ಕಡಿಮೆ. ಇದು ಇಡೀ ದೇಶದ ಲೆಕ್ಕ, ನಮ್ಮ ರಾಜ್ಯದ್ದಲ್ಲ.

ಹಾಗಾಗಿ ‘ಸ್ವಂತ ಮೊಬೈಲ್’ ಅನ್ನೋ ಮಾತೇ ಸ್ವಲ್ಪ ತಪ್ಪು. ಮುಕ್ಕಾಲು ಪಾಲು ಅಪ್ಪ ಅಮ್ಮನದ್ದು.

ಗಾಂಧಿಬಜಾರ್_ರಾಯರು
ಅದೇ ವರದಿಯಲ್ಲಿ ಇನ್ನೊಂದು ಸಾಲು ಇದೆಯಲ್ಲ ಸ್ವಾಮಿ, ಅದನ್ನು ಯಾಕೆ ಬಿಟ್ಟಿರಿ? ಹಿಂದಿನ ವಾರ ಓದಿಗೆ ಬಳಸಿದವರು 57 ಪರ್ಸೆಂಟ್, ಸೋಶಿಯಲ್ ಮೀಡಿಯಾಗೆ 76 ಪರ್ಸೆಂಟ್. ನಿಮ್ಮ ಚಪ್ಪಾಳೆ ಆ್ಯಪ್ ಹತ್ತು ನಿಮಿಷ, ರೀಲ್ಸ್ ಐದು ಗಂಟೆ.

ಲೆಕ್ಕದ_ಪಕ್ಕಾ
ಬಿಡಲಿಲ್ಲ ಸರ್, ಬರೆಯುವಷ್ಟರಲ್ಲಿ ನೀವೇ ಬಂದಿರಿ. 😀

ಸುಳ್ಯದ_ಪೋಕ
ನಂಗೆ ಒಂದು ಅರ್ಥ ಆಗೋದಿಲ್ಲ ಮಾರಾಯ್ರೆ. 2020ರಲ್ಲಿ ಇದೇ ಶಾಲೆಗಳು ಮೊಬೈಲ್ ತಗೊಳ್ಳಿ, ಇಲ್ಲದಿದ್ದರೆ ಪಾಠ ಇಲ್ಲ ಅಂತ ಹೇಳಿದ್ದಲ್ವಾ? ನಮ್ಮ ಸುಳ್ಯ ತಾಲ್ಲೂಕಿನಲ್ಲಿ 2021ರ ಮಳೆಗಾಲದಲ್ಲಿ ಒಬ್ಬಳು ಹುಡುಗಿ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಕ್ಲಾಸು ಕೇಳುತ್ತಿದ್ದಳು. ಅಪ್ಪ ಕೊಡೆ ಹಿಡಿದು ನಿಂತಿದ್ದರು. ಆ ಫೋಟೋ ಎಲ್ಲಾ ಪೇಪರಲ್ಲಿ ಬಂತು. ನಮ್ಮ ಮನೆಯಲ್ಲೂ ಗುಡ್ಡ ಹತ್ತಿದರೆ ಮಾತ್ರ ಎರಡು ಕಡ್ಡಿ ನೆಟ್‌ವರ್ಕ್. ಜಿಗಣೆ ಕಚ್ಚಿಸಿಕೊಂಡು ಬೀಜಗಣಿತ ಕಲಿತದ್ದು ನಾನು.

ಅಡಿಕೆ ಮಾರಿದ ದುಡ್ಡಲ್ಲಿ ಅಪ್ಪ ಫೋನ್ ತೆಗೆದುಕೊಟ್ಟದ್ದು. ಶಾಲೆ ಶುರುವಾದ ಮರುದಿನ ಅದೇ ಫೋನು ಅಪರಾಧ. ಬೇಕಾದಾಗ ಬೇಕು, ಬೇಡದಾಗ ಬೇಡ ಅಂದರೆ ಹೇಗೆ?

ಚಾ_ಅಂಗಡಿ_ಅಮ್ಮ
ಅದು ನಿಜ ಕಣಪ್ಪ. ನಾವೂ ಆಗ ಸಂಘದಲ್ಲಿ ಸಾಲ ಮಾಡಿ ತಗೊಂಡಿದ್ದು.

ನಿವೃತ್ತ_ಎಚ್ಎಂ
ಮೇಷ್ಟ್ರೇ, ನಿಮ್ಮ ಪ್ರಯೋಗ ಓದಿ ಸಂತೋಷ ಆಯಿತು. ಆದರೆ ಎಚ್‌ಎಂ ಕುರ್ಚಿಯಲ್ಲಿ ಕೂತವನ ಕಷ್ಟ ಹೇಳುತ್ತೇನೆ, ಕೇಳಿ.

ನಾನು ಸೇವೆಯಲ್ಲಿದ್ದಾಗ ತಂದ ಫೋನ್ ಕಿತ್ತುಕೊಂಡು ಬೀರುವಿನಲ್ಲಿ ಇಡುವುದು ಪದ್ಧತಿ. ಪ್ರತಿಯೊಂದಕ್ಕೂ ಒಂದು ಚೀಟಿ, ರಬ್ಬರ್ ಬ್ಯಾಂಡ್. ವಾರದ ಕೊನೆಗೆ ತಂದೆಯನ್ನು ಕರೆಸಿ ಕೊಡುವುದು. ಒಂದು ಸಲ 11 ಫೋನ್ ಇದ್ದವು. ಕೊಡುವ ದಿನ ಎಣಿಸಿದರೆ 10. ಬೀರುವಿನ ಬೀಗದ ಕೈ ನನ್ನ ಹತ್ತಿರ ಒಂದು, ಗುಮಾಸ್ತರ ಹತ್ತಿರ ಒಂದು. ಯಾರನ್ನು ಕೇಳಲಿ? ಆ ಹುಡುಗನ ತಂದೆ ಗಾರೆ ಕೆಲಸದವರು. ಜೋರು ಮಾಡಲಿಲ್ಲ, ಸುಮ್ನೆ ಬಾಗಿಲಲ್ಲಿ ನಿಂತಿದ್ದರು. ‘ಇನ್ನೂ ಕಂತು ಮುಗಿದಿಲ್ಲ ಸಾಮಿ’ ಅಂದರು. ನಾನೇ ಕೈಯಿಂದ 9 ಸಾವಿರ ಕೊಟ್ಟೆ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ತರಲು ಬಿಟ್ಟ ಮೇಲೆ ಜವಾಬ್ದಾರಿ ಯಾರದ್ದು ಅನ್ನೋದನ್ನು ಮೊದಲು ಕಾಗದದಲ್ಲಿ ಬರೆದುಕೊಳ್ಳಿ. ಪ್ರಯೋಗ ಆಮೇಲೆ.

ಗಾಂಧಿಬಜಾರ್_ರಾಯರು
ನಿವೃತ್ತ ಸರ್, ನೀವು ಹೇಳಿದ್ದು ನೂರಕ್ಕೆ ನೂರು. ಅಷ್ಟಕ್ಕೂ ಕೋರ್ಟೇ ಶಾಲೆಯಲ್ಲಿ ಮೊಬೈಲ್ ನಿಷೇಧಿಸಿದೆ. ದೆಹಲಿ ಹೈಕೋರ್ಟ್. ಯುನೆಸ್ಕೊ ಕೂಡ ಬ್ಯಾನ್ ಮಾಡಿ ಅಂದಿದೆ.

ಕರಿಕೋಟು
ರಾಯರೇ, ಎರಡೂ ತಪ್ಪು. ದೆಹಲಿ ಹೈಕೋರ್ಟ್ 2025ರ ಫೆಬ್ರುವರಿ ಕೊನೆಯಲ್ಲಿ ಹೇಳಿದ್ದು ಅದಕ್ಕೆ ಉಲ್ಟಾ. ಪೂರ್ತಿ ನಿಷೇಧ ಸರಿಯಲ್ಲ, ನಡೆಯುವ ಮಾತೂ ಅಲ್ಲ ಅಂತ. ಆದರೆ ಕ್ಲಾಸಿನಲ್ಲಿ ಬಳಸಬಾರದು, ಅನುಕೂಲ ಇದ್ದ ಕಡೆ ಬೆಳಿಗ್ಗೆ ಶಾಲೆಗೆ ಒಪ್ಪಿಸಿ ಸಂಜೆ ತಗೊಂಡು ಹೋಗಬೇಕು ಅಂತ. ಅದು ಕೇಂದ್ರೀಯ ವಿದ್ಯಾಲಯದ ಒಬ್ಬ ವಿದ್ಯಾರ್ಥಿಯ ಕೇಸು. ನಮ್ಮ ರಾಜ್ಯದ ಶಾಲೆಗಳಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ.

ಯುನೆಸ್ಕೊ 2023ರ ವರದಿ ಹೇಳಿದ್ದು, ಕಲಿಕೆಗೆ ಉಪಯೋಗ ಆಗುವಾಗ ಮಾತ್ರ ಬಳಸಿ ಅಂತ. ಪೇಪರಿನವರು ತಲೆಬರಹದಲ್ಲಿ ‘ಬ್ಯಾನ್’ ಹಾಕಿದರು.

ಆಂಧ್ರದಲ್ಲಿ ಅದೇ 2023ರಲ್ಲಿ ಸರ್ಕಾರವೇ ಶಾಲೆಯಲ್ಲಿ ಮಕ್ಕಳ ಫೋನ್ ನಿಲ್ಲಿಸಿತು. ಅದು ಬೇಕಾದರೆ ಉದಾಹರಣೆಗೆ ತಗೊಳ್ಳಿ. ಮೇಷ್ಟ್ರುಗಳಿಗೂ ಕ್ಲಾಸಿನಲ್ಲಿ ಫೋನ್ ಬೇಡ ಅಂದರು.

ಎಂಟಕ್ಕೆ_ಪ್ರಾರ್ಥನೆ
ಮೇಷ್ಟ್ರುಗಳಿಗೂ ಬೇಡವಾ? ದಯವಿಟ್ಟು ಅದನ್ನು ಇಲ್ಲಿಯೂ ತನ್ನಿ, ಕೈ ಮುಗಿಯುತ್ತೇನೆ! ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ಬೆಳಿಗ್ಗೆಯಿಂದ ನನ್ನ ಫೋನು ನನ್ನದಲ್ಲ. ಊಟ ಮಾಡಿದವರೆಷ್ಟು, ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಗೊಂಡವರೆಷ್ಟು, ಫೋಟೋ ಹಾಕಿ. ಪಾಠದ ನಡುವೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ‘ತುರ್ತು, 12 ಗಂಟೆಯೊಳಗೆ’. ಮೆಸೇಜ್ ಬಂದಿದ್ದೇ 11.50ಕ್ಕೆ. ನಾನು ಫೋನ್ ತೆಗೆದರೆ ಮುಂದಿನ ಬೆಂಚಿನ ಹುಡುಗಿ ‘ಮಿಸ್, ನಿಮಗೆ ಮಾತ್ರ ಬಿಡ್ತಾರಾ?’ ಅಂತಾಳೆ. ಏನು ಉತ್ತರ ಕೊಡಲಿ?

ಸುಳ್ಯದ_ಪೋಕ
ಮಿಸ್, 11.50ರ ಮೆಸೇಜು ನಿಮಗೆ ಮೊಬೈಲ್ ಬಿಡಿಸಲಿಕ್ಕೆ ಅಲ್ಲ, ಪಾಠ ಬಿಡಿಸಲಿಕ್ಕೆ.

ಮೆಲ್ಬರ್ನ್_ಮಾವ
ನಾನು ಇರೋದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ. ಇಲ್ಲಿ ಸರ್ಕಾರಿ ಶಾಲೆಗಳಲ್ಲಿ 2020ರಿಂದ ಫೋನ್ ನಿಷೇಧ. ಬೆಳಿಗ್ಗೆ ಆಫ್ ಮಾಡಿ ಲಾಕರಿಗೆ ಹಾಕಬೇಕು, ಕೊನೆಯ ಬೆಲ್ ಆದ ಮೇಲೆ ತೆಗೆಯಬೇಕು. ಊಟದ ಬಿಡುವಿನಲ್ಲೂ ಇಲ್ಲ. ಸಕ್ಕರೆ ಕಾಯಿಲೆ ಇರುವ ಮಕ್ಕಳು ಫೋನಿನಲ್ಲಿ ಶುಗರ್ ನೋಡಿಕೊಳ್ಳುವ ತರಹದ್ದಕ್ಕೆ ವಿನಾಯಿತಿ ಇದೆ.

ಆದರೆ ತಮಾಷೆ ಕೇಳಿ. ಅದೇ ನನ್ನ ಮಗಳ ಶಾಲೆಯಲ್ಲಿ ಲ್ಯಾಪ್‌ಟಾಪ್ ಮಾತ್ರ ಮನೆಯಿಂದಲೇ ತರಬೇಕು. ಪಟ್ಟಿಯಲ್ಲಿ ಮಾಡೆಲ್ ಹೆಸರೂ ಇರುತ್ತದೆ. ಫೋನ್ ತಂದರೆ ತಪ್ಪು, ಲ್ಯಾಪ್‌ಟಾಪ್ ತರದಿದ್ದರೆ ತಪ್ಪು. ಲ್ಯಾಪ್‌ಟಾಪಿನಲ್ಲಿ ಗೇಮ್ ಆಡಲು ಬರೋದಿಲ್ಲ ಅಂದುಕೊಂಡಿದ್ದಾರೋ ಏನೋ.

ಗಾಂಧಿಬಜಾರ್_ರಾಯರು
ಅವರು ಲಾಕರ್ ಕೊಡುತ್ತಾರೆ. ನಮ್ಮಲ್ಲಿ ಚಪ್ಪಲಿ ಬಿಡಲು ಜಾಗ ಇಲ್ಲ.

ಬೆಳಗಾವಿ_ಕುಂದಾ
ನಮ್ಮ ಗಡಿ ದಾಟಿದರೆ ಸಾಂಗ್ಲಿ ಜಿಲ್ಲೆ. ಅಲ್ಲಿ ಮೋಹಿತ್ಯಾಂಚೆ ವಡಗಾಂವ್ ಅಂತ ಒಂದು ಹಳ್ಳಿ. 2022ರಿಂದ ದಿನಾ ಸಂಜೆ 7ಕ್ಕೆ ಗುಡಿಯ ಸೈರನ್ ಹೊಡೆಯುತ್ತಾರೆ ರೀ. ಒಂದೂವರೆ ತಾಸು ಇಡೀ ಊರು ಟಿವಿ, ಮೊಬೈಲ್ ಬಂದ್. ಮಕ್ಕಳು ಓದಲು ಕೂಡಬೇಕು. ದೊಡ್ಡವರಿಗೂ ಇಲ್ಲ, ಅದೇ ಅದರ ಗುಟ್ಟು. ನಮ್ಮ ಮನೆಯಲ್ಲಿ ಮಗನಿಗೆ ‘ಓದಲೇ’ ಅಂತ ಹೇಳುವಾಗ ನನ್ನ ಕೈಯಲ್ಲೇ ಕ್ರಿಕೆಟ್ ಸ್ಕೋರ್ ಇರುತ್ತದೆ.

ಎಸ್ಡಿಎಂಸಿ_ಮೆಂಬರ್
ಶಾಲೆಯ ಹೊತ್ತಿನ ಮಾತು ಬಿಡಿ. ಬಸ್ಸಿನ ಮಾತು ಹೇಳಿ. ನಮ್ಮ ಊರಿಂದ ಹೈಸ್ಕೂಲಿಗೆ 9 ಕಿಲೋಮೀಟರ್. ಸಂಜೆ ಇರೋದು ಒಂದೇ ಬಸ್ಸು. ತಪ್ಪಿದರೆ ಹೆಣ್ಣುಮಕ್ಕಳು ಎಲ್ಲಿದ್ದಾರೆ ಅಂತ ತಿಳಿಯೋದು ಹೇಗೆ? ಕೀಪ್ಯಾಡ್ ಫೋನ್ ಆದರೂ ಬಿಡಬೇಕು.

ಕಿಟಕಿ_ಸೀಟು
ಶಕ್ತಿ ಯೋಜನೆ ಬಂದ ಮೇಲೆ ಆ ಒಂದು ಬಸ್ಸಿನಲ್ಲಿ ಗಂಡುಹುಡುಗರಿಗೆ ಬಾಗಿಲೇ ಗತಿ.

ಎಂಟಕ್ಕೆ_ಪ್ರಾರ್ಥನೆ
ನಮ್ಮ ಶಾಲೆಗೆ ಹುಡುಗಿಯರ ಹಾಜರಿ ಹೆಚ್ಚಾಗಿದ್ದು ಬಸ್ಸು ಫ್ರೀ ಆದ ಮೇಲೆ. ಬಸ್ಸು ಜಾಸ್ತಿ ಬಿಡಿ ಅಂತ ಕೇಳಿ, ಹುಡುಗಿಯರನ್ನು ಬೈಯಬೇಡಿ.

ಕಿಟಕಿ_ಸೀಟು
ನಾನೆಲ್ಲಿ ಬೈದೆ ಮೇಡಂ? ಸ್ಟಾಪಿಗೇ ನಿಲ್ಲಿಸದ ಡ್ರೈವರ್…

ಅಡ್ಮಿನ್
ಬಸ್ಸು ಬೇರೆ ದಾರಿಗೆ ಹೋಗುತ್ತಿದೆ. ಮೊಬೈಲಿಗೆ ವಾಪಸ್ ಬನ್ನಿ.

ಪಿಯು_ಸೆಕೆಂಡ್_ಬೆಂಚು
ಎಲ್ಲಾ ದೊಡ್ಡವರೇ ಮಾತಾಡುತ್ತಿದ್ದೀರಿ. ನಾನು ಹೋದ ವರ್ಷ ಎಸ್‌ಎಸ್‌ಎಲ್‌ಸಿ ಮುಗಿಸಿದ್ದು. ನಮ್ಮ ಶಾಲೆಯಲ್ಲಿ ಫೋನ್ ಇರಲಿಲ್ಲ ಅಂತ ಬೋರ್ಡ್ ಹೇಳುತ್ತಿತ್ತು. ಕ್ಲಾಸಿನಲ್ಲಿ ಕನಿಷ್ಠ ಎಂಟು ಇರುತ್ತಿದ್ದವು. ಲಂಚ್ ಬಾಕ್ಸ್ ಕೆಳಗೆ, ಸಾಕ್ಸ್ ಒಳಗೆ, ಜಾಮಿಟ್ರಿ ಬಾಕ್ಸ್ ಹಿಂದೆ. ನೋಟ್ಸ್ ಬರೆಯುವವರು ನಾಲ್ಕು ಜನ, ಉಳಿದವರು ಸಂಜೆ ಫೋಟೋ ಕೇಳುತ್ತಿದ್ದರು. ಮ್ಯಾತ್ಸ್ ಸಾರ್ ಆಕಳಿಸುವ ಸ್ಟಿಕರ್ ಇಡೀ ತಾಲ್ಲೂಕಿಗೆ ಹೋಗಿತ್ತು. ಅಲ್ಲಿಯವರೆಗೂ ತಮಾಷೆ.

ಆಮೇಲೆ ಒಬ್ಬ ಹುಡುಗ ನನ್ನ ಗೆಳತಿಯ ಫೋಟೋ ತೆಗೆದ. ಅವಳು ನಲ್ಲಿ ಹತ್ತಿರ ಬಗ್ಗಿ ಮುಖ ತೊಳೆಯುತ್ತಿದ್ದಳು, ಅಷ್ಟೇ. ಅದಕ್ಕೆ ಏನೋ ಬರೆದು ಗ್ರೂಪಿಗೆ ಹಾಕಿದ. ಅವಳು ಎಂಟು ದಿನ ಶಾಲೆಗೆ ಬರಲಿಲ್ಲ. ಮನೆಯಲ್ಲಿ ಹೊಟ್ಟೆನೋವು ಅಂದಿದ್ದಳು. ಮೇಡಂ ಒಬ್ಬರು ಮನೆಗೆ ಹೋಗಿ ಕೇಳಿದ ಮೇಲೆ ಗೊತ್ತಾಯಿತು. ಹುಡುಗನಿಗೆ ಬೈದು ಬಿಟ್ಟರು. ಅವಳ ಮನೆಯವರು ಇವಳ ಫೋನೇ ಕಿತ್ತುಕೊಂಡರು. ಅವಳು ಮಾಡಿದ್ದಾದರೂ ಏನು?

ಮೇಷ್ಟ್ರು ಸಾರ್, ನಿಮ್ಮ ಪ್ರಯೋಗ ನನಗೂ ಇಷ್ಟ ಆಯ್ತು. ಆದರೆ ಆ ಫೋನುಗಳಿಗೆಲ್ಲ ಕ್ಯಾಮೆರಾ ಇದೆ.

ಕಪ್ಪುಹಲಗೆ
ಇದನ್ನು ನಾನು ಯೋಚನೆ ಮಾಡಿರಲಿಲ್ಲ ಮಗು. ಮೈಕಿನ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ. ನಿನ್ನ ಗೆಳತಿ ಈಗ ಹೇಗಿದ್ದಾಳೆ?

ಪಿಯು_ಸೆಕೆಂಡ್_ಬೆಂಚು
ನನ್ನ ಪಕ್ಕದಲ್ಲೇ ಕೂರುತ್ತಾಳೆ ಸಾರ್. ಸೈನ್ಸ್ ತಗೊಂಡಿದ್ದಾಳೆ.

ನಿವೃತ್ತ_ಎಚ್ಎಂ
ಬೈದು ಬಿಟ್ಟಿದ್ದು ತಪ್ಪು. ತಂದೆ ತಾಯಿಯನ್ನು ಕರೆಸಿ ಎದುರಿಗೇ ಅಳಿಸಬೇಕಿತ್ತು. ಫೋಟೋ ಅಂತ ಹೇಳುತ್ತಿದ್ದೇನೆ, ಹುಡುಗನನ್ನಲ್ಲ.

ಜಿಯಾಮಿತಿ_ಗುಂಡ
ಒಂದು ತಾಂತ್ರಿಕ ತಕರಾರು. ಆರು ಗುಂಪು ಮಾಡಿ ಹನ್ನೆರಡು ಫೋನ್ ಇಟ್ಟರೆ, ಒಂದು ಗುಂಪಿನ ಚಪ್ಪಾಳೆಗೆ ಎಲ್ಲಾ ಫೋನುಗಳೂ ಶುರುವಾಗುತ್ತವಲ್ಲ ಸರ್? ಒಂದೇ ರೂಮಿನಲ್ಲಿ ಆಗೋದೇ ಇಲ್ಲ. ಅಂದಮೇಲೆ ಒಬ್ಬರಾದ ಮೇಲೆ ಒಬ್ಬರು ಮಾಡಬೇಕು. ಒಬ್ಬರಾದ ಮೇಲೆ ಒಬ್ಬರು ಮಾಡುವುದಾದರೆ ಎರಡೇ ಫೋನ್ ಸಾಕು!

ಕಪ್ಪುಹಲಗೆ
…ನನ್ನ ಇಡೀ ವಾದದ ಗಾಳಿ ತೆಗೆದಿರಿ. ಫೀಲ್ಡಿಗೆ ಕರೆದುಕೊಂಡು ಹೋಗಿ ದೂರ ದೂರ ನಿಲ್ಲಿಸಿ, ಆ್ಯಪಿನಲ್ಲಿ ಸದ್ದಿನ ಮಿತಿ ಸ್ವಲ್ಪ ಏರಿಸಿದರೆ ಮೂರು ಗುಂಪು ನಡೆಯಬಹುದು. ಆದರೂ ನೀವು ಹೇಳಿದ್ದು ಸರಿ.

ಜಿಯಾಮಿತಿ_ಗುಂಡ
ಲೋಲಕದ ಪ್ರಯೋಗಕ್ಕೆ ಆ ತೊಂದರೆ ಇಲ್ಲ. ಫೋನನ್ನೇ ದಾರಕ್ಕೆ ಕಟ್ಟಿ ತೂಗಿಸಿದರೆ ಅದೇ ಆ್ಯಪು ಆವರ್ತ ಕಾಲ, ಅಂದರೆ ಒಂದು ಸಲ ಹೋಗಿ ಬರಲು ಹಿಡಿಯುವ ಸಮಯ ತೋರಿಸುತ್ತದೆ.

ಚಾ_ಅಂಗಡಿ_ಅಮ್ಮ
ಫೋನನ್ನು ದಾರಕ್ಕೆ ಕಟ್ಟಿ ತೂಗಿಸ್ತೀರಾ?! ಯಾರ ಫೋನು ಸ್ವಾಮಿ?

ಮೊಬೈಲ್_ರಿಪೇರಿ_ಅಣ್ಣ
ಅಮ್ಮನ ಮಾತಿಗೆ ನಕ್ಕು ಸಾಕಾಯ್ತು. ತೂಗಿಸಿ ಸರ್, ನಮ್ಮ ಅಂಗಡಿ ನಡೆಯಬೇಕಲ್ಲ.

ನಾನು ಹೈಸ್ಕೂಲ್ ಎದುರಿನ ರಸ್ತೆಯಲ್ಲಿ ಅಂಗಡಿ ಇಟ್ಟವನು. ‘ಬೆಳಿಗ್ಗೆ ಪೆಟ್ಟಿಗೆಗೆ ಹಾಕಿ, ಸಂಜೆ ಕೊಡುತ್ತೇವೆ’ ಅನ್ನೋ ಪದ್ಧತಿ ನಮ್ಮ ಕಡೆಯ ಒಂದು ಶಾಲೆಯಲ್ಲಿ ಶುರುವಾಯಿತು. ಅದಾದ ಒಂದೇ ವಾರಕ್ಕೆ ಹುಡುಗರು ಬರಲು ಶುರು ಮಾಡಿದರು. ‘ಅಣ್ಣ, ಹಾಳಾಗಿರೋ ಫೋನ್ ಇದೆಯಾ?’ ಯಾವುದಾದರೂ ಆದೀತು, ನೋಡಲು ಫೋನ್ ತರ ಇದ್ದರೆ ಸಾಕು. ನಾನು ರಿಪೇರಿ ಕಲಿಯಲು ಅಂದುಕೊಂಡೆ. 150, 200 ರೂಪಾಯಿಗೆ ಮೂಲೆಯಲ್ಲಿದ್ದ ಸತ್ತ ಫೋನೆಲ್ಲ ಖಾಲಿ. ಆಮೇಲೆ ಗೊತ್ತಾಯ್ತು. ಸತ್ತ ಫೋನು ಪೆಟ್ಟಿಗೆಗೆ, ಜೀವ ಇರೋದು ಜೇಬಿಗೆ.

ಒಬ್ಬನಂತೂ ಡಿಸ್‌ಪ್ಲೇ ಒಡೆದದ್ದನ್ನು ತಗೊಂಡು, ಸಂಜೆ ವಾಪಸ್ ಪಡೆಯುವಾಗ ‘ಸಾರ್, ಪೆಟ್ಟಿಗೆಯಲ್ಲಿ ಒಡೆದುಹೋಯ್ತು’ ಅಂದನಂತೆ.

ನಿವೃತ್ತ_ಎಚ್ಎಂ
ಅಯ್ಯೋ ಭಗವಂತ! ನನ್ನ 9 ಸಾವಿರ!

ಕರಿಕೋಟು
ಸರ್, ನಿಮ್ಮದರಲ್ಲಿ ಫೋನೇ ಕಾಣೆಯಾಗಿತ್ತು. ಕಾಲ ಬೇರೆ, ಕಳ್ಳ ಬೇರೆ.

ಕಪ್ಪುಹಲಗೆ
ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಇಲ್ಲಿ ಓದಿದ್ದನ್ನೆಲ್ಲ ಎಚ್‌ಎಂ ಮುಂದೆ ಹೇಳಿದೆ. ನಲ್ಲಿಯ ಹತ್ತಿರ ಫೋಟೋ ತೆಗೆದ ಮಾತು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಇಬ್ಬರೂ ಕೂತು ಒಂದು ದಾರಿ ಮಾಡಿದೆವು. ಮಕ್ಕಳಿಂದ ಫೋನ್ ತರಿಸುವುದಿಲ್ಲ. ಮೇಷ್ಟ್ರುಗಳ ಮನೆಯಲ್ಲಿ ಮೂಲೆಗೆ ಬಿದ್ದ ಹಳೇ ಫೋನು ತರಬೇಕು, ಸಿಮ್ ಬೇಡ, ಕ್ಯಾಮೆರಾದ ಮೇಲೆ ಪ್ಲಾಸ್ಟರ್ ಅಂಟಿಸಬೇಕು. ಇವತ್ತಿಗೆ ಐದು ಬಂದಿವೆ. ಹಿಂದಿ ಮೇಡಂ ಕೊಟ್ಟಿದ್ದರ ಬ್ಯಾಟರಿ ಉಬ್ಬಿತ್ತು, ಅದನ್ನು ವಾಪಸ್ ಕೊಟ್ಟೆವು. ಉಳಿದದ್ದು ನಾಲ್ಕು, ಎರಡು ಜೊತೆ. ಕಾರಿಡಾರಿನಲ್ಲಿ ಒಂದು, ಫೀಲ್ಡಿನಲ್ಲಿ ಒಂದು.

ದೂರದ ಊರಿನ ಮಕ್ಕಳು ಕೀಪ್ಯಾಡ್ ಫೋನ್ ತರಬಹುದು. ಬೆಳಿಗ್ಗೆ ಪೆಟ್ಟಿಗೆಗೆ ಹಾಕಬೇಕು, ಪಾಲಕರ ಸಹಿ ಇರುವ ಪುಸ್ತಕ ಇದೆ. ರಿಪೇರಿ ಅಣ್ಣನ ಮಾತು ಕೇಳಿದ ಮೇಲೆ ಒಂದು ಷರತ್ತು ಸೇರಿಸಿದೆವು. ಪೆಟ್ಟಿಗೆಗೆ ಹಾಕುವ ಮೊದಲು ಸ್ಕ್ರೀನ್ ಹತ್ತಿಸಿ ತೋರಿಸಬೇಕು.

ಗಾಂಧಿಬಜಾರ್_ರಾಯರು
ಐದು ನಾಲ್ಕಾದಂತೆ ನಾಲ್ಕು ಮೂರಾಗುತ್ತದೆ, ನೋಡುತ್ತಿರಿ. ನನ್ನ ಹತ್ತಿರ ಹಳೇ ಫೋನ್ ಎರಡಿವೆ. ಚಾರ್ಜರ್ ಸಮೇತ. ಎಲ್ಲಿಗೆ ಕಳಿಸಬೇಕು?

ಎಂಟಕ್ಕೆ_ಪ್ರಾರ್ಥನೆ
ರಾಯರೇ!

ಗಾಂಧಿಬಜಾರ್_ರಾಯರು
ಏನೀಗ? ಸುಮ್ನೆ ಡ್ರಾಯರಿನಲ್ಲಿ ಬಿದ್ದಿದ್ದವು.

ಮೊಬೈಲ್_ರಿಪೇರಿ_ಅಣ್ಣ
ಕಪ್ಪುಹಲಗೆ ಸರ್, ನಿಮ್ಮ ಶಾಲೆ ಹಾಸನದಲ್ಲಿ ಯಾವ ಕಡೆ? ಇವತ್ತು ಸಂಜೆ ಯೂನಿಫಾರಂನಲ್ಲೇ ಇಬ್ಬರು ಬಂದಿದ್ದರು. ‘ಅಣ್ಣ, ಹಳೇ ಕೀಪ್ಯಾಡ್ ಫೋನ್ ಕೊಡಿ. ಸಿಮ್ ಬೇಡ, ಮಾತು ಕೇಳಿಸದಿದ್ದರೂ ಪರವಾಗಿಲ್ಲ, ಸ್ಕ್ರೀನ್ ಮಾತ್ರ ಹತ್ತಬೇಕು’ ಅಂದರು.